ನಾಲ್ಕನೆಯ ತಲೆಯ ಹಿರಿಯರು

ಶ್ರಾದ್ಧದ ದಿನ ಕರ್ತೃವಾದವನು ತಂದೆ, ತಾತ, ಮುತ್ತಾತ ಎಂಬ ಮೂವರ ಹೆಸರನ್ನು ಗೋತ್ರಸಹಿತವಾಗಿ ಉಚ್ಚರಿಸುವನಷ್ಟೆ. ಮನೆಯ ಹಿರಿಯರೊಬ್ಬರು ತೀರಿಕೊಂಡು ಸಪಿಂಡೀಕರಣವು ನಡೆದೊಡನೆ ಅವರು ಈ ಪಂಕ್ತಿಗೆ ಸೇರುವರು. ಅದುವರೆಗೆ ಮೊದಲಿಗರಾಗಿದ್ದವರು ಲೇಪಭಾಗಿಗಳಾಗಿ ಹಿಂದೆ ಸರಿಯುವರು. ಅಂದಿನಿಂದ ಅವರ ಹೆಸರನ್ನು ಬಾಯಿಬಿಟ್ಟು ಹೇಳುವ ಸಂದರ್ಭವೇ ಬಾರದು. ವಾಚಕರಲ್ಲಿ ಎಷ್ಟು ಮಂದಿ ಮುತ್ತಾತನ ತಂದೆಯ ಹೆಸರನ್ನು ತಡವರಿಸದೆ ಹೇಳಬಲ್ಲರು? ಹೀಗೆ ಮರೆಯಾದ ನಾಲ್ಕನೆಯವರನ್ನು ಹುಡುಕುವ ಬಗೆಯನ್ನು ಇಲ್ಲಿ ನಿವೇದಿಸುವೆವು.

ತಿರುಮಕೂಡಲಿನ ಸಂಗಮಕ್ಕೆ ಸಮೀಪದಲ್ಲಿರುವ ನಮ್ಮ ಸೋಸಲೆಯು ವ್ಯಾಸರಾಜ ಮಠದಿಂದ ಹೆಸರಾದ ಊರು. ಊರಿನ ಹೆಸರು ಊರು ಬಿಟ್ಟವರಿಗೇ ಅಂಟಿಕೊಳ್ಳುವುದು. ಮೈಸೂರಿನ ಆಸ್ಥಾನ ವಿದ್ವಾಂಸರಾಗಿದ್ದ ಸೋಸಲೆ ಅಯ್ಯಾಶಾಸ್ತ್ರಿಗಳ (1854–1934) ಹೆಸರೇ ಇದಕ್ಕೆ ಸಾಕ್ಷಿ. ಆದುದರಿಂದ ನಿಮ್ಮ ಮನೆತನದ ಹೆಸರಿನಲ್ಲಿ ಬೇರೊಂದು ಊರು ಸೇರಿದ್ದರೆ, ಹುಡುಕುವಿಕೆಯನ್ನು ಆ ಊರಿನಿಂದಲೇ ಆರಂಭಿಸಬೇಕು.

ಇನ್ನು ಮನೆಯ ಕಡತಗಳು. ಹುಣಿಸೆ ಬೀಜದ ಸರಿ ಮತ್ತು ಇದ್ದಲಿನ ಪುಡಿಯನ್ನು ಬಳಿದ ಬಟ್ಟೆಯ ಮೇಲೆ ಬಳಪದಿಂದ ಬರೆಯುತ್ತಿದ್ದುದರಿಂದ, ಒಂದನ್ನು ಅಳಿಸಿ ಮತ್ತೊಂದನ್ನು ಬರೆಯುವುದು ಸುಲಭವಾಗಿದ್ದಿತು. ತಾತನ ಲೆಕ್ಕವನ್ನು ಮೊಮ್ಮಗನು ಅಳಿಸಿರಬಹುದು. ಅದರ ಮೇಲೆ ಮೊಮ್ಮಗನಿಗೆ ತಾತನ ಹೆಸರನ್ನೇ ಇಡುವ ರೂಢಿಯುಂಟು. ಒಂದೇ ಹೆಸರು ಎರಡು ಕಡೆ ಕಂಡರೆ ಒಬ್ಬರೇ ಎಂದು ನಿಶ್ಚಯಿಸಬಾರದು. ತಂದೆಯ ಹೆಸರನ್ನೂ ಹೆಂಡತಿಯ ಹೆಸರನ್ನೂ ಕೂಡಿಸಿ ನೋಡಬೇಕು.

ಕಾಲನಿರ್ಣಯವು ಇನ್ನೂ ತೊಡಕಿನದು. ಹಳೆಯ ಪತ್ರಗಳಲ್ಲಿ ಎಷ್ಟೋ ವೇಳೆ ಶಕವರ್ಷವಿರದೆ ಸಂವತ್ಸರದ ಹೆಸರು ಮಾತ್ರ ಇರುವುದು. ಪತ್ರದಲ್ಲಿ ಪಾರ್ಥಿವ ಸಂವತ್ಸರವೆಂದಿದೆಯೆನ್ನೋಣ. ಅದು 1765–66, 1825–26, 1885–86 ಇವುಗಳಲ್ಲಿ ಯಾವುದಾದರೂ ಆಗಬಹುದು. ಅರವತ್ತು ವರ್ಷವೆಂದರೆ ಎರಡು ತಲೆಮಾರು. ತಾತನ ಪತ್ರವು ಮೊಮ್ಮಗನ ಪಾಲಿಗೆ ಹೋಗುವುದು ಹೀಗೆಯೇ. ಮಾಸ, ಪಕ್ಷ, ತಿಥಿಗಳೊಡನೆ ವಾರವನ್ನೂ ಬರೆದಿದ್ದರೆ ಗಂಟು ಬಿಚ್ಚುವ ಸಂಭವ ಹೆಚ್ಚು. ಏತಕ್ಕೆಂದರೆ ಅದೇ ತಿಥಿಯು ಮುಂದಿನ ಆವರ್ತದಲ್ಲಿ ಸಾಮಾನ್ಯವಾಗಿ ಬೇರೆ ವಾರದಲ್ಲಿ ಬೀಳುವುದು. 1799ರವರೆಗಿನ ದಿನಗಳನ್ನು ತಾಳೆನೋಡಲು ಸ್ವಾಮಿಕಣ್ಣು ಪಿಳ್ಳೆಯವರ ಪಂಚಾಂಗ ಗ್ರಂಥವಿದೆ.

ಮನೆಯ ಹೊರಗೂ ಸಾಧನಗಳುಂಟು. ರೈಸ್ ಸಾಹೇಬರು 1894ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಮೂರನೆಯ ಸಂಪುಟದಲ್ಲಿ ನಮ್ಮ ತಾಲ್ಲೂಕಿನ ಶಾಸನಗಳಿವೆ. ಅಗ್ರಹಾರದ ತಾಮ್ರಶಾಸನಗಳಲ್ಲಿ ವೃತ್ತಿವಂತರನ್ನು ತಂದೆಯ ಹೆಸರು, ಗೋತ್ರ, ಸೂತ್ರಗಳೊಡನೆ ಎಣಿಸುವುದು ವಾಡಿಕೆ. ಆದರೆ ಗೋತ್ರವೊಂದು ಕೂಡಿದ ಮಾತ್ರಕ್ಕೆ ಅವರು ನಮ್ಮವರಾಗರು. ನಡುವಣ ತಲೆಗಳನ್ನು ಜೋಡಿಸುವ ಪತ್ರವು ಬೇಕು. ಹಿರಿಯರು ಕಾಶೀಗಯೆಗಳಿಗೆ ಹೋಗಿಬಂದಿದ್ದರೆ ಅಲ್ಲಿಯ ತೀರ್ಥಪುರೋಹಿತರ ವಹಿಗಳಲ್ಲಿ ಅವರ ಹೆಸರು ಸಿಗುವ ಸಂಭವವುಂಟು.

ಇವೆಲ್ಲದರಲ್ಲಿಯೂ ಗಂಡಸರೇ ಹೆಚ್ಚು. ಮುತ್ತಜ್ಜಿಯ ತವರು ಯಾವುದೆಂಬುದನ್ನು ಕ್ರಯಪತ್ರವು ಹೇಳದು. ಅದಕ್ಕೆ ಅಡಿಗೆಯ ಮನೆಗೆ ಹೋಗಬೇಕು. ಮದುವೆಯಲ್ಲಿ ಬಂದ ತಾಮ್ರದ ಹಂಡೆ, ಹಿತ್ತಾಳೆಯ ಕೊಳಗ, ತಂಬಿಗೆಗಳ ಮೇಲೆ ಹೆಸರನ್ನು ಕೊರೆಯಿಸುವುದು ನಮ್ಮ ಮನೆಗಳ ಪದ್ಧತಿ. ನಮ್ಮ ಮನೆಯಲ್ಲಿ ಮುತ್ತಜ್ಜಿಯ ಹೆಸರು ಯಾವ ಕಾಗದದಲ್ಲಿಯೂ ಇಲ್ಲ. ಒಂದು ಸೊಟ್ಟ ತಂಬಿಗೆಯ ಕಂಠದಲ್ಲಿ ಮಾತ್ರ ಉಳಿದಿದೆ. ಅದನ್ನು ತೂಕಕ್ಕೆ ಹಾಕಿ ಸ್ಟೀಲಿನ ಪಾತ್ರೆಯನ್ನು ಕೊಂಡಿದ್ದರೆ ಆ ತಾಯಿಯ ಹೆಸರೂ ತೂಕಕ್ಕೆ ಹೋಗುತ್ತಿತ್ತು!

ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು 1961ರ ಕಾಯಿದೆಯು ರದ್ದುಗೊಳಿಸಿತು. ಶಾನುಭೋಗರ ಮನೆಗಳಲ್ಲಿ ಉಳಿದ ಹಳೆಯ ಕಾಗದಗಳನ್ನು ಈಗ ಓದುವವರು ವಿರಳ. ಓದಲಾರದ ಓಲೆಗಳನ್ನು ಭಕ್ತಿಯಿಂದಲೇ ಹೊಳೆಗೆ ಬಿಡುವವರುಂಟು. ಕೌಟಿಲ್ಯನ ಅರ್ಥಶಾಸ್ತ್ರವು ಲೋಕಕ್ಕೆ ಮತ್ತೆ ದೊರೆತದ್ದು, ತಂಜಾವೂರು ಸೀಮೆಯ ಪಂಡಿತರೊಬ್ಬರು ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಓಲೆಯ ಪ್ರತಿಯನ್ನು ತಂದೊಪ್ಪಿಸಿದ್ದರಿಂದ. ಶಾಮಶಾಸ್ತ್ರಿಗಳು ಅದನ್ನು 1909ರಲ್ಲಿ ಅಚ್ಚುಹಾಕಿಸಿದರು. ಆ ಓಲೆಗಳನ್ನು ಕಾವೇರಿಗೆ ಬಿಟ್ಟಿದ್ದರೆ?

ಗೃಹಸ್ಥರು ಈ ತಿಂಗಳೇ ಒಂದು ಕೆಲಸವನ್ನು ಮಾಡಲಿ. ಮನೆಯ ವೃದ್ಧರ ಬಳಿ ಕುಳಿತು, ಅವರ ತಾತನ ಮತ್ತು ಅಜ್ಜಿಯ ಹೆಸರು, ತೀರಿಕೊಂಡ ತಿಥಿ, ಅಜ್ಜಿಯ ತವರೂರು ಇವನ್ನು ಕೇಳಿ ಬರೆದಿಡಲಿ. ಪಕ್ಕದಲ್ಲಿ ಹೇಳಿದವರ ಹೆಸರನ್ನೂ ಇಸವಿಯನ್ನೂ ನಮೂದಿಸಲಿ. ಕಾಗದಗಳು ಸಾವಿರ ವರ್ಷ ಇದ್ದರೂ ಇರಬಹುದು, ಹೇಳುವವರು ಇರುವುದಿಲ್ಲ.