ಒಂದೇ ಹಡಗು, ಹಲವು ದರ

ಪ್ರಶ್ನೆ: ಒಂದೇ ಕ್ರೂಸ್‌ಗೆ ಡಾಲರ್‌ನಲ್ಲಿ ಒಂದು ದರ, ಪೌಂಡ್‌ನಲ್ಲಿ ಇನ್ನೊಂದು. ಏಕೆ ಹೀಗೆ? ಅಗ್ಗದ್ದನ್ನೇ ಬುಕ್ ಮಾಡಬಹುದೇ?

ಉತ್ತರ: ಕ್ರೂಸ್ ಕಂಪನಿಗಳು ಸಾಮಾನ್ಯವಾಗಿ ಆಯಾ ದೇಶದ ಬೇಡಿಕೆ, ಪೈಪೋಟಿ ನೋಡಿ ಬೆಲೆ ಕಟ್ಟುತ್ತವೆ. ಹಾಗಾಗಿ ವಿನಿಮಯ ದರದಲ್ಲಿ ಗುಣಿಸಿದರೆ ಲೆಕ್ಕ ತಾಳೆಯಾಗುವುದಿಲ್ಲ.

ದರದಲ್ಲಿ ಏನೇನು ಸೇರಿದೆ ಎಂಬುದೂ ಮುಖ್ಯ. ಏಳು ರಾತ್ರಿಯ ಟಿಕೆಟ್ 1,000 ಡಾಲರ್ ಎನ್ನಿ. ಹಡಗಿನ ಸಿಬ್ಬಂದಿಯ ಟಿಪ್ಸ್ ದಿನಕ್ಕೆ 16 ಡಾಲರ್ ಪ್ರತ್ಯೇಕವಾದರೆ ಒಟ್ಟು 1,112. ಬೇರೊಂದು ದೇಶದ ಪುಟದಲ್ಲಿ ಟಿಪ್ಸ್ ಸಹಿತ ದರ 1,080 ಡಾಲರ್‌ಗೆ ಸಮವಾಗಿದ್ದರೆ ಅದೇ ಅಗ್ಗ. ಅಮೆರಿಕದ ಹಳೆಯ ಜಾಹೀರಾತುಗಳಲ್ಲಿ ಬಂದರು ಶುಲ್ಕ, ತೆರಿಗೆಗಳೂ ಹೊರಗಿರುತ್ತಿದ್ದವು. ಕಡ್ಡಾಯ ಶುಲ್ಕಗಳನ್ನು ಸೇರಿಸಿಯೇ ಬೆಲೆ ತೋರಿಸಬೇಕೆಂಬ ಕ್ಯಾಲಿಫೋರ್ನಿಯಾದ ಕಾನೂನು 2024ರ ಜುಲೈ 1ರಂದು ಜಾರಿಯಾದ ಮೇಲೆ ದೊಡ್ಡ ಕಂಪನಿಗಳು ಅವನ್ನೂ ಸೇರಿಸಿ ತೋರಿಸತೊಡಗಿದವು.

ಮುಂಗಡದ ನಿಯಮವೂ ಬೇರೆ. ಅಮೆರಿಕದಲ್ಲಿ ಅಂತಿಮ ಕಂತಿನ ಗಡುವಿನೊಳಗೆ ರದ್ದು ಮಾಡಿದರೆ ಹಲವು ಟಿಕೆಟ್‌ಗಳ ಮುಂಗಡ ವಾಪಸು ಬರುತ್ತದೆ, ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಬರುವುದಿಲ್ಲ. ಕೆಲವು ದರಗಳಂತೂ ಆ ದೇಶದ ನಿವಾಸಿಗಳಿಗೆ ಮಾತ್ರ.

ಭಾರತದ ಕಾರ್ಡ್ ಬಳಸುವವರು ಇನ್ನೊಂದು ಸಾಲು ಕೂಡಿಸಬೇಕು: ಅನೇಕ ಬ್ಯಾಂಕ್‌ಗಳ ವಿದೇಶಿ ವಹಿವಾಟು ಶುಲ್ಕ ಶೇ. 2ರಿಂದ 3.5, ಅದರ ಮೇಲೆ ಜಿಎಸ್‌ಟಿ.