ಬಟ್ಟೆ ಎಲ್ಲರದೂ, ಹೊಲಿಗೆ ಅವರವರದು: ನೈಜೀರಿಯಾದ ಯುವತಿಯರ ಬಣ್ಣದ ಭಾಷೆ

ನೈಜೀರಿಯಾದ ಲಾಗೋಸ್ ನಗರದಲ್ಲಿ ಶನಿವಾರವೆಂದರೆ ಮದುವೆಗಳ ದಿನ. ಸಭಾಂಗಣದೊಳಗೆ ಕಾಲಿಟ್ಟವರಿಗೆ ವಧುವಿನ ಗೆಳತಿಯರೆಲ್ಲ ಒಂದೇ ಬಣ್ಣದ ಬಟ್ಟೆಯಲ್ಲಿ ಕಾಣಿಸುತ್ತಾರೆ. ತುಸು ಹತ್ತಿರ ಹೋಗಿ ನೋಡಿದರೆ ಒಬ್ಬಳ ಉಡುಪಿನಂತೆ ಇನ್ನೊಬ್ಬಳದು ಇರುವುದಿಲ್ಲ. ಒಬ್ಬಳದು ಉಬ್ಬುತೋಳು, ಮತ್ತೊಬ್ಬಳದು ತೋಳೇ ಇಲ್ಲದ ಅಂಗಿ. ‘ಗೆಲೆ’ ಎಂಬ ತಲೆವಸ್ತ್ರವನ್ನು ಸುತ್ತಿಕೊಂಡ ಬಗೆಯೂ ಬೇರೆ ಬೇರೆ.

ಈ ಪದ್ಧತಿಗೆ ಯೊರುಬಾ ಭಾಷೆಯಲ್ಲಿ ‘ಅಶೊ ಎಬಿ’ ಎಂದು ಹೆಸರು. ‘ಅಶೊ’ ಎಂದರೆ ಬಟ್ಟೆ, ‘ಎಬಿ’ ಎಂದರೆ ಕುಟುಂಬ. ಒಂದೇ ಮನೆತನದವರು ಶುಭಾಶುಭ ಕಾರ್ಯಗಳಲ್ಲಿ ಒಂದೇ ಬಟ್ಟೆ ಧರಿಸುತ್ತಿದ್ದ ಈ ರೂಢಿ ಈಗ ಗೆಳೆಯರಿಗೂ ಸಹೋದ್ಯೋಗಿಗಳಿಗೂ ಹಬ್ಬಿದೆ. ಬಟ್ಟೆಯನ್ನು ಆರಿಸುವವರು ಮದುವೆ ಮನೆಯವರು. ಹಣ ಕೊಟ್ಟು ಕೊಳ್ಳುವವರು ಅತಿಥಿಗಳು. ಇದು ದುಬಾರಿ ಸಂಪ್ರದಾಯವೆಂಬ ಗೊಣಗಾಟವೂ ಉಂಟು. ಬಣ್ಣ ಬಳಗದ್ದಾದರೂ ಹೊಲಿಗೆಯಲ್ಲಿ ತನ್ನತನ ತೋರಲು ಯುವತಿಯರು ದರ್ಜಿಯೊಂದಿಗೆ ದಿನಗಟ್ಟಲೆ ಚರ್ಚಿಸುತ್ತಾರೆ.

ಹೊರಗಿನಿಂದ ಬಂದುದನ್ನು ತನ್ನದಾಗಿಸಿಕೊಳ್ಳುವ ಈ ಗುಣ ಹೊಸದೇನಲ್ಲ. ನೈಜರ್ ನದಿಯ ಮುಖಜಭೂಮಿಯಲ್ಲಿರುವ ಕಲಬಾರಿ ಸಮುದಾಯದ ಮಹಿಳೆಯರು ಭಾರತದಿಂದ ಬಂದ ಮದ್ರಾಸ್ ಚೌಕಳಿ ಬಟ್ಟೆಯ ಆಯ್ದ ಎಳೆಗಳನ್ನು ಕತ್ತರಿಸಿ ತೆಗೆದು, ಅದರಲ್ಲಿ ತಮ್ಮದೇ ವಿನ್ಯಾಸ ಮೂಡಿಸುತ್ತ ಬಂದಿದ್ದಾರೆ.

ನೀಲಿಯ ನಂಟು

ಇಂದಿನ ಯುವತಿಯರು ಮತ್ತೆ ಮೆಚ್ಚಿ ಉಡುತ್ತಿರುವ ಇನ್ನೊಂದು ಬಟ್ಟೆ ‘ಅದಿರೆ’. ಯೊರುಬಾದಲ್ಲಿ ಈ ಪದಕ್ಕೆ ಕಟ್ಟಿ ಬಣ್ಣ ಹಾಕಿದ್ದು ಎಂದರ್ಥ. ಓಗುನ್ ರಾಜ್ಯದ ರಾಜಧಾನಿ ಅಬೆಯೊಕುಟಾ ಇದರ ಪ್ರಮುಖ ಕೇಂದ್ರ. ಬಟ್ಟೆಯನ್ನು ನಾರಿನಿಂದ ಬಿಗಿದು ಕಟ್ಟಿ, ಇಲ್ಲವೇ ಮರಗೆಣಸಿನ ಗಂಜಿಯಿಂದ ಹಕ್ಕಿಗರಿಯಲ್ಲಿ ಚಿತ್ರ ಬರೆದು, ನೀಲಿ ಬಣ್ಣದಲ್ಲಿ ಅದ್ದುತ್ತಾರೆ. ಕಟ್ಟಿದ ಅಥವಾ ಗಂಜಿ ಹಚ್ಚಿದ ಜಾಗಕ್ಕೆ ಬಣ್ಣ ಹಿಡಿಯದು. ಅಲ್ಲೇ ವಿನ್ಯಾಸ ಮೂಡುತ್ತದೆ. ತಾಯಿಯಿಂದ ಮಗಳಿಗೆ ದಾಟಿದ ಈ ಕಸುಬಿನಲ್ಲಿ ಪ್ರತಿ ವಿನ್ಯಾಸಕ್ಕೂ ಹೆಸರಿದೆ. ‘ಇಬಾದಾನ್ ದುನ್’ ಎಂಬ ವಿನ್ಯಾಸ ಇಬಾದಾನ್ ನಗರದ ಸೊಗಸನ್ನು ಕೊಂಡಾಡುವಂಥದು. ಅಲ್ಲಿನ ಮಾಪೊ ಸಭಾಭವನದ ಕಂಬಗಳೂ ಅದರಲ್ಲಿ ಚಿತ್ರವಾಗಿವೆ.

ಇದೇ ಅಬೆಯೊಕುಟಾದಲ್ಲಿ ಉಡುಗೆ ರಾಜಕೀಯದ ಮಾತನ್ನೂ ಆಡಿತ್ತು. ಇಂಗ್ಲೆಂಡಿನಲ್ಲಿ ಓದಿ ಬಂದಿದ್ದ ಫುನ್ಮಿಲಾಯೊ ರಾನ್ಸಮ್ ಕುಟಿ 1940ರ ದಶಕದಲ್ಲಿ ಪಾಶ್ಚಾತ್ಯ ಉಡುಪನ್ನು ಬಿಟ್ಟು, ಸಂತೆಯ ಹೆಂಗಸರಂತೆ ಯೊರುಬಾ ವಸ್ತ್ರ ಉಟ್ಟರು. ತೆರಿಗೆಯ ವಿರುದ್ಧ ಅವರ ಮುಂದಾಳುತನದಲ್ಲಿ ನಡೆದ ಮಹಿಳೆಯರ ಹೋರಾಟದ ಪರಿಣಾಮವಾಗಿ 1949ರಲ್ಲಿ ಅಲ್ಲಿನ ಅರಸ ಸಿಂಹಾಸನ ತೊರೆಯಬೇಕಾಯಿತು.

ಹೊಸ ತಲೆಮಾರು ಅದೇ ನೀಲಿಯನ್ನು ತನ್ನ ರುಚಿಗೆ ಒಗ್ಗಿಸಿಕೊಂಡಿದೆ. ವಿನ್ಯಾಸಕಿ ಅಮಾಕಾ ಒಸಾಕ್ವೆ 2010ರಲ್ಲಿ ಆರಂಭಿಸಿದ ‘ಮಾಕಿ ಓ’ ಸಂಸ್ಥೆ ಅದಿರೆಯನ್ನು ಆಧುನಿಕ ಉಡುಪಾಗಿಸಿತು. ಅಮೆರಿಕದ ಅಧ್ಯಕ್ಷರ ಪತ್ನಿಯಾಗಿದ್ದ ಮಿಷೆಲ್ ಒಬಾಮಾ 2013ರ ದಕ್ಷಿಣ ಆಫ್ರಿಕಾ ಪ್ರವಾಸದಲ್ಲಿ ಈ ಸಂಸ್ಥೆಯ ಅಂಗಿ ತೊಟ್ಟಿದ್ದರು. ಲೇಖಕಿ ಚಿಮಮಾಂಡ ಎನ್ಗೋಜಿ ಅಡೀಚಿ 2017ರಲ್ಲಿ, ಸಾರ್ವಜನಿಕ ಸಮಾರಂಭಗಳಿಗೆ ಬಹುಮಟ್ಟಿಗೆ ನೈಜೀರಿಯಾದ ವಿನ್ಯಾಸಕರ ಉಡುಪನ್ನೇ ಧರಿಸುವುದಾಗಿ ಪ್ರಕಟಿಸಿದರು.

ಆಯ್ಕೆಗೆ ತೆರುವ ಬೆಲೆ

ತನಗಿಷ್ಟವಾದಂತೆ ಕಾಣಿಸಿಕೊಳ್ಳುವುದು ಎಲ್ಲರಿಗೂ ಸುಲಭವಲ್ಲ. ಹಲವು ವಿಶ್ವವಿದ್ಯಾಲಯಗಳಲ್ಲಿ ಉಡುಪಿನ ಕಟ್ಟುನಿಟ್ಟು ನಿಯಮಗಳಿವೆ. ಜಡೆಗಟ್ಟಿದ ಅಥವಾ ಬಣ್ಣ ಹಚ್ಚಿದ ಕೂದಲು, ಹಚ್ಚೆ ಇವುಗಳನ್ನೇ ಅಪರಾಧದ ಲಕ್ಷಣವೆಂದು ಬಗೆದು ಪೊಲೀಸರ ವಿಶೇಷ ದರೋಡೆ ನಿಗ್ರಹ ದಳ ಯುವಜನರನ್ನು ತಡೆದು ಪೀಡಿಸುತ್ತಿತ್ತೆಂಬುದು 2020ರ ಅಕ್ಟೋಬರಿನಲ್ಲಿ ಭುಗಿಲೆದ್ದ ಪ್ರತಿಭಟನೆಯ ಮುಖ್ಯ ದೂರುಗಳಲ್ಲೊಂದು. ದಳ ಆ ತಿಂಗಳೇ ವಿಸರ್ಜನೆಯಾಯಿತು. ಹೋರಾಟಕ್ಕೆ ಹಣ ಹೊಂದಿಸಿದವರಲ್ಲಿ ಅದೇ ವರ್ಷ ಯುವತಿಯರು ಕಟ್ಟಿದ್ದ ‘ಫೆಮಿನಿಸ್ಟ್ ಕೋಅಲಿಷನ್’ ಪ್ರಮುಖವಾಗಿತ್ತು. ಉಡುಗೆಯ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲನ್ನೂ ಏರಿದೆ. ಲಾಗೋಸ್‌ನ ಸರ್ಕಾರಿ ಶಾಲೆಗಳಲ್ಲಿ ಮುಸ್ಲಿಂ ವಿದ್ಯಾರ್ಥಿನಿಯರು ಹಿಜಾಬ್ ಧರಿಸಬಹುದೆಂದು ದೇಶದ ಸುಪ್ರೀಂ ಕೋರ್ಟ್ 2022ರ ಜೂನ್‌ನಲ್ಲಿ ತೀರ್ಪಿತ್ತಿತು.

ಇನ್ನೊಂದು ಸಂಕಟ ಬಣ್ಣ ಹಾಕುವವರದು. ಅದಿರೆಯ ವಿನ್ಯಾಸಗಳನ್ನೇ ನಕಲು ಮಾಡಿ ಯಂತ್ರದಲ್ಲಿ ಮುದ್ರಿಸಿದ ವಿದೇಶಿ ಬಟ್ಟೆ ಅಬೆಯೊಕುಟಾದ ಇಟೋಕು ಮಾರುಕಟ್ಟೆಗೂ ಬಂದಿದೆ. ಕೈಯಿಂದ ಚಿತ್ರ ಬರೆದು, ಮತ್ತೆ ಮತ್ತೆ ಅದ್ದಿ ಒಣಗಿಸಿದ ಬಟ್ಟೆ ಬೆಲೆಯಲ್ಲಿ ಅದರೊಂದಿಗೆ ಸ್ಪರ್ಧಿಸಲಾರದು. ದೂರದಿಂದ ಎರಡೂ ಒಂದೇ ನೀಲಿ. ತನ್ನತನದ ಗುರುತೆಂದು ಯುವತಿಯರು ಅವುಗಳಲ್ಲಿ ಯಾವುದನ್ನು ಕೊಳ್ಳುತ್ತಾರೆ ಎಂಬುದರ ಮೇಲೆ ಅಬೆಯೊಕುಟಾದ ಹೆಂಗಸರ ಕಸುಬು ಉಳಿಯುವುದೋ ಅಳಿಯುವುದೋ ನಿಂತಿದೆ.