ಚರ್ಮದ ಹುಣ್ಣು, ಮಚ್ಚೆ ಮತ್ತು ಫೋಟೊ: ಸಂಕೋಚ ಬೇಡ, ಎಚ್ಚರ ಇರಲಿ

ಚರ್ಮದ ಕ್ಯಾನ್ಸರ್ ಬಿಳಿಯರಿಗಿಂತ ನಮ್ಮ ಜನರಲ್ಲಿ ಬಹಳ ಕಡಿಮೆ. ಆದರೆ ಇಲ್ಲವೆಂದಲ್ಲ. ನಮ್ಮಲ್ಲಿ ಅದು ಅಂಗಾಲು, ಉಗುರಿನ ಅಡಿ, ಹಳೆಯ ಸುಟ್ಟ ಕಲೆ, ಸೊಂಟ ಮುಂತಾದ ಕಣ್ಣಿಗೆ ಬೀಳದ ಜಾಗಗಳಲ್ಲಿಯೂ ಬರುತ್ತದೆ.

ಬಿಗಿಯಾಗಿ ಧೋತರ ಉಡುವವರ ಸೊಂಟದಲ್ಲಿ ಹುಟ್ಟುವ ಕ್ಯಾನ್ಸರನ್ನು ಮುಂಬಯಿಯ ಡಾ. ವಿ. ಆರ್. ಖಾನೋಲ್ಕರ್ ಅವರು 1945ರಲ್ಲಿಯೇ ವರದಿ ಮಾಡಿದ್ದರು. 2024ರಲ್ಲಿ ವಾರ್ಧಾ ಮತ್ತು ಬಿಹಾರದ ಮಧುಬನಿಯ ವೈದ್ಯರು, ಸೀರೆ ಉಡುವಾಗ ಸೊಂಟಕ್ಕೆ ಬಿಗಿದ ಜಾಗದಲ್ಲಿ ಕ್ಯಾನ್ಸರ್ ಆದ ಇಬ್ಬರು ಹಿರಿಯ ಮಹಿಳೆಯರ ವಿಷಯ ಪ್ರಕಟಿಸಿದರು. ಒಬ್ಬರಿಗೆ 18 ತಿಂಗಳಿಂದ, ಇನ್ನೊಬ್ಬರಿಗೆ 2 ವರ್ಷದಿಂದ ಹುಣ್ಣಿತ್ತು.

ರಾಯದುರ್ಗದವರು ತಜ್ಞರನ್ನು ಕಾಣಲು ಬಳ್ಳಾರಿಗೋ ಅನಂತಪುರಕ್ಕೋ ಹೋಗಬೇಕು. ಮಡಕಶಿರಾ (2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆ) ಕಡೆಯವರು ಹಿಂದೂಪುರಕ್ಕೋ ಬೆಂಗಳೂರಿಗೋ ಹೊರಡುತ್ತಾರೆ. ಅಂಗಡಿ ಬಿಟ್ಟು ಹೋಗುವುದು ಸುಲಭವಲ್ಲ. ಮುಲಾಮು ಹಚ್ಚುತ್ತ ದಿನ ದೂಡುತ್ತೇವೆ. ಈಗ ಹುಣ್ಣಿನ ಫೋಟೊವನ್ನು ದೂರದ ವೈದ್ಯರು ಮೊದಲು ನೋಡಿ, ತಡಮಾಡದೆ ಬರಬೇಕೇ ಎಂದು ಹೇಳಬಲ್ಲರು. ಸರ್ಕಾರದ ಉಚಿತ ಇ-ಸಂಜೀವಿನಿ ಸೇವೆ ಆಂಧ್ರದಲ್ಲಿ 2019ರ ನವೆಂಬರಿನಲ್ಲಿಯೇ ಆರಂಭವಾಯಿತು.

ಆದರೂ ನಮ್ಮ ಮನೆಗಳಲ್ಲಿ ಹಿಂಜರಿಕೆ ಇದೆ. “ಸೊಂಟದ ಫೋಟೊ ಯಾರ್ಯಾರ ಕೈಗೆ ಹೋಗುತ್ತದೋ” ಎನ್ನುವ ಅಮ್ಮಂದಿರ ಅಂಜಿಕೆ ಸುಳ್ಳಲ್ಲ. ಅಮೆರಿಕದ ಚಿಕಿತ್ಸಾಲಯವೊಂದರ ರೋಗಿಗಳೂ ಸ್ವಂತ ಮೊಬೈಲಿಗಿಂತ ಆಸ್ಪತ್ರೆಯ ಕ್ಯಾಮೆರಾ ಆಗಲಿ ಎಂದಿದ್ದಾರೆ. ಆದ್ದರಿಂದ ಕೇಳಿ ತಿಳಿಯುವುದು ನಮ್ಮ ಹಕ್ಕು: ಫೋಟೊ ಯಾರು ತೆಗೆಯುತ್ತಾರೆ, ಎಲ್ಲಿ ಇಡುತ್ತಾರೆ, ಯಾರು ನೋಡುತ್ತಾರೆ? ಹೆಣ್ಣುಮಕ್ಕಳ ಫೋಟೊ ಹೆಣ್ಣುಮಕ್ಕಳೇ ತೆಗೆಯಲಿ. ಮುಖ ಬರುವುದು ಬೇಡ. ಮನೆಯ ವಾಟ್ಸಾಪ್ ಗುಂಪಿಗಂತೂ ಹಾಕಲೇಬಾರದು. ಇನ್ನು ಕೆಲವರಿಗೆ ಕಿರಣದ ಭಯ. ಇದು ಎಕ್ಸ್‌ರೇ ಅಲ್ಲ. ವೈದ್ಯರು ಚರ್ಮದ ಮೇಲಿಡುವ ಡರ್ಮೋಸ್ಕೋಪ್ ಕೂಡ ಬೆಳಕಿರುವ ಭೂತಗನ್ನಡಿಯಷ್ಟೆ.

ಫೋಟೊ ತೆಗೆಯುವ ಮುನ್ನ ಅರಿಸಿನ, ಮುಲಾಮು ತೊಳೆಯಬೇಕು. ಇಲ್ಲದಿದ್ದರೆ ನಿಜವಾದ ಬಣ್ಣ ಕಾಣದು. ಹಗಲು ಬೆಳಕಿನಲ್ಲಿ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ದೂರದಿಂದ ಒಂದು, ಹತ್ತಿರದಿಂದ ಒಂದು ತೆಗೆಯಿರಿ. ದಿನಾಂಕ ಬರೆದಿಡಿ. ಆರಂಭದ ಶಿಲ್ಕು ಬರೆಯದ ಖಾತೆಯಲ್ಲಿ ಲಾಭ ನಷ್ಟ ತಿಳಿಯುವುದೆಂತು? ಮಚ್ಚೆ ಬೆಳೆದಿದೆಯೇ ಎಂದು ತಿಳಿಯಲೂ ಮೊದಲಿನ ಫೋಟೊ ಬೇಕು.

ಫೋಟೊ ವೈದ್ಯರ ಕೈಯ ಸ್ಪರ್ಶಕ್ಕೆ ಬದಲಲ್ಲ. ಗಂಟು ಗಟ್ಟಿಯೇ ಎಂದು ಅದು ಹೇಳದು. ಕ್ಯಾನ್ಸರ್ ಎಂದು ಖಚಿತವಾಗುವುದು ಬಯಾಪ್ಸಿಯಿಂದಲೇ. ಫೋಟೊದಲ್ಲಿ ಏನೂ ಇಲ್ಲವೆಂದರೂ ಹುಣ್ಣು ಒಂದು ತಿಂಗಳಲ್ಲಿ ಮಾಯದಿದ್ದರೆ, ಮಚ್ಚೆಯ ಆಕಾರ, ಬಣ್ಣ, ಅಂಚು ಬದಲಾದರೆ, ರಕ್ತ ಒಸರಿದರೆ ನೇರವಾಗಿ ವೈದ್ಯರ ಬಳಿ ಹೋಗಲೇಬೇಕು.

ತಾಯಂದಿರು ಲಂಗದ ಲಾಡಿ ಸಡಿಲವಾಗಿ ಕಟ್ಟಲಿ, ಅಗಲವಾದ ಪಟ್ಟಿ ಬಳಸಲಿ. ಸೊಸೆ, ಮಗಳು ಅವರ ಸೊಂಟದ ಕಪ್ಪು ಗೆರೆಯನ್ನೊಮ್ಮೆ ನೋಡಲಿ. ಮನೆಯ ಯಜಮಾನರು ಅಂಗಡಿಯ ನೆಪ ಹೇಳದೆ ಜೊತೆಗೆ ಹೊರಡಲಿ ಎಂಬುದು ನಮ್ಮ ವಿನಂತಿ.